ಎಲ್ಕ್‌ಹಾರ್ನ್ ರಾಂಚ್: ಎಂಟು ಕೋಣೆಗಳ ಮನೆ ಎಲ್ಲಿ ಹೋಯಿತು?

ಪ್ರಶ್ನೆ:
ಕಳೆದ ತಿಂಗಳು ನಾರ್ತ್ ಡಕೋಟಾದ ಮೆಡೋರಾದಿಂದ ಜಲ್ಲಿರಸ್ತೆ ಹಿಡಿದು, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ 1884ರಲ್ಲಿ ಆರಂಭಿಸಿದ ಎಲ್ಕ್‌ಹಾರ್ನ್ ರಾಂಚ್ (ದನ ಸಾಕುವ ನೆಲೆ) ಇದ್ದ ಜಾಗಕ್ಕೆ ಹೋಗಿದ್ದೆವು. ಹುಲ್ಲಿನ ನಡುವೆ ಅರ್ಧ ಹೂತುಹೋದ ಅಡಿಪಾಯದ ಕಲ್ಲುಗಳನ್ನು ಬಿಟ್ಟರೆ ಅಲ್ಲಿ ಏನೂ ಉಳಿದಿಲ್ಲ. ಅವರ ಮೊದಲ ರಾಂಚಾದ ಮಾಲ್ಟೀಸ್ ಕ್ರಾಸ್‌ನ ಮರದ ಮನೆ ಮೆಡೋರಾದಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿರುವಾಗ, ಅದಕ್ಕಿಂತ ದೊಡ್ಡದಾದ ಈ ಮನೆ ಹೇಗೆ ಮಾಯವಾಯಿತು?

ಉತ್ತರ 1:
1884ರ ಫೆಬ್ರವರಿ 14ರಂದು ಒಂದೇ ದಿನ ತಾಯಿಯನ್ನೂ ಹೆಂಡತಿಯನ್ನೂ ಕಳೆದುಕೊಂಡ ರೂಸ್‌ವೆಲ್ಟ್, ಜನರಿಂದ ದೂರವಿರಬೇಕೆಂದೇ ಮೆಡೋರಾದಿಂದ ಸುಮಾರು 35 ಮೈಲಿ ಉತ್ತರದ ಈ ನದೀತೀರವನ್ನು ಆರಿಸಿಕೊಂಡರು. ಕೊಂಬಿಗೆ ಕೊಂಬು ಸಿಕ್ಕಿಕೊಂಡು ಸತ್ತಿದ್ದ ಎರಡು ಎಲ್ಕ್‌ಗಳ (ದೊಡ್ಡ ಜಾತಿಯ ಜಿಂಕೆ) ತಲೆಬುರುಡೆಗಳು ಅಲ್ಲಿ ದೊರೆತದ್ದರಿಂದ ಆ ಹೆಸರು ಬಂತು. ಮೇನ್ ರಾಜ್ಯದ ಕಾಡಿನ ಕೆಲಸ ಬಲ್ಲ ಬಿಲ್ ಸ್ಯೂವಲ್ ಮತ್ತು ವಿಲ್ಮಟ್ ಡೋ ಕೊಡಲಿ ಹಿಡಿದು, 60 ಅಡಿ ಉದ್ದ, 30 ಅಡಿ ಅಗಲದ ಮನೆಯನ್ನು ಕಟ್ಟಿದರು.

ಉತ್ತರ 2:
ಮನೆಗಿಂತ ಮೊದಲು ಅಳಿದದ್ದು ಅಲ್ಲಿನ ಕಸುಬು. ಬೇಲಿಯಿಲ್ಲದ ಬಯಲಿನಲ್ಲಿ ಎಲ್ಲರೂ ದನ ಬಿಟ್ಟು, ಮೇವು ಕೂಡಿಡದೆ, ಚಳಿಗಾಲಕ್ಕೂ ನಿಂತ ಹುಲ್ಲನ್ನೇ ನಂಬಿದ್ದರು. 1886ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟಾಗ, ಅತಿಯಾಗಿ ಮೇಯಿಸಿದ್ದ ನೆಲ ಬರಿದಾಯಿತು. ಈ ಸೀಮೆ ದನಸಾಕಣೆಗೆ ಒಗ್ಗುವುದಿಲ್ಲವೆಂದು ಆರಂಭದಿಂದಲೂ ಹೇಳುತ್ತಿದ್ದ ಸ್ಯೂವಲ್, ಡೋ ಜೊತೆಗೆ ಆ ಶರತ್ಕಾಲದಲ್ಲಿಯೇ ಊರಿಗೆ ಮರಳಿದರು. ಅವರ ಮಾತನ್ನು ಕೇಳಬೇಕಿತ್ತೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಆಮೇಲೆ ಬಿದ್ದ ಹಿಮ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದಾಗ ಹುಲ್ಲಿನ ಮೇಲೆ ಮಂಜುಗಡ್ಡೆಯ ಹೊದಿಕೆ ಕೂತಿತು. ಅದನ್ನು ಗೊರಸಿನಿಂದ ಒಡೆಯಲಾಗದ ದನಗಳು ಗಾಳಿಗೆ ಮರೆಯಾಗಲು ಕೊರಕಲುಗಳಿಗೆ ಇಳಿದು ಅಲ್ಲಿಯೇ ಸತ್ತವು. ವಸಂತದಲ್ಲಿ ಲಿಟಲ್ ಮಿಸೌರಿ ನದಿ ಉಕ್ಕಿದಾಗ ಹೆಣಗಳು ಮಂಜುಗಡ್ಡೆಯೊಡನೆ ಹೊರಳುತ್ತ ತೇಲಿಹೋದವು. ಆ ಚಳಿಗಾಲ ಯುರೋಪಿನಲ್ಲಿದ್ದ ರೂಸ್‌ವೆಲ್ಟ್ 1887ರ ಏಪ್ರಿಲ್‌ನಲ್ಲಿ ಹಿಂದಿರುಗಿ ನೋಡುವಾಗ ಅರ್ಧಕ್ಕಿಂತ ಹೆಚ್ಚು ದನ ಹೋಗಿದ್ದವು. ಆಮೇಲೂ ಬೇಟೆಗೆಂದು ಬಂದುಹೋಗುತ್ತಿದ್ದರಾದರೂ, ಉಳಿದ ಪಾಲನ್ನು 1898ರಲ್ಲಿ ಮಾರಿಬಿಟ್ಟರು.

ಉತ್ತರ 3:
ನಿಮ್ಮ ಪ್ರಶ್ನೆಗೆ ಉತ್ತರ ಮರದಲ್ಲಿದೆ. ಮಾಲ್ಟೀಸ್ ಕ್ರಾಸ್ ಮನೆ ಪಾಂಡರೋಸಾ ಪೈನ್‌ನದು, ಬಾಳಿಕೆಯ ಮರ. ಅದನ್ನು ಬಿಚ್ಚಿ, ಸೇಂಟ್ ಲೂಯಿಸ್‌ನ 1904ರ ಜಾಗತಿಕ ಮೇಳವೂ ಸೇರಿ ಹಲವೆಡೆ ಪ್ರದರ್ಶಿಸಿ, ಕೊನೆಗೆ ಜೋಪಾನ ಮಾಡಿದರು. ಎಲ್ಕ್‌ಹಾರ್ನ್ ಮನೆ ನದಿದಂಡೆಯ ಕಾಟನ್‌ವುಡ್ ದಿಮ್ಮಿಗಳದು, ಅದು ಬೇಗ ಲಡ್ಡಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮರವೇ ಅಪರೂಪವಾದ ಆ ಬಯಲಿನಲ್ಲಿ ಯಾರೂ ಇಲ್ಲದ ಮನೆಯ ಮರಮುಟ್ಟು ಸುತ್ತಲಿನವರ ಕೆಲಸಕ್ಕೆ ಒದಗಿತು. ರೂಸ್‌ವೆಲ್ಟ್ ಅಧ್ಯಕ್ಷರಾದ 1901ರ ಹೊತ್ತಿಗೆ ಒಂದೆರಡು ಅರೆಕೊಳೆತ ಬುನಾದಿಗಳಷ್ಟೇ ಉಳಿದಿದ್ದವು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಜಗಲಿ ಇದ್ದಿರಬಹುದಾದ ಕಡೆಯ ಕಲ್ಲೊಂದರ ಮೇಲೆ ನಾನು ಕೈಯಿಟ್ಟಿದ್ದೆ. ಅದರ ಮೈತುಂಬ ಕಿತ್ತಳೆ ಬಣ್ಣದ ಕಲ್ಲುಹೂವು ಹಬ್ಬಿತ್ತು. ಅಲ್ಲಿಂದ ನದಿಯ ಕಡೆಗೆ ನೋಡಿದರೆ ಕಾಟನ್‌ವುಡ್ ಮರಗಳು ಈಗಲೂ ಸಾಲಾಗಿ ನಿಂತಿವೆ.