ಐದು ವರ್ಷದ ಮಕ್ಕಳ ಬಟ್ಟೆಗೆ ಗಂಡು, ಹೆಣ್ಣು ಎಂಬ ವಿಂಗಡಣೆ ಬೇಕೇ?

ಮೈಸೂರಿನ ಅಮ್ಮ (ಪ್ರಶ್ನೆ)

ಮಗನಿಗೆ ಎಂಟು, ಮಗಳಿಗೆ ಐದು. ಅಣ್ಣನಿಗೆ ಸಣ್ಣದಾದ ಚಡ್ಡಿ, ಅಂಗಿಗಳನ್ನೇ ಮಗಳು ಮನೆಯಲ್ಲಿ ತೊಡುತ್ತಾಳೆ. ಗಟ್ಟಿಯಾಗಿರುವ ಬಟ್ಟೆಯನ್ನು ಮೂಲೆಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಈಚೆಗೆ ಅತ್ತೆಯವರು, "ಹೆಣ್ಣುಮಗುವಿಗೆ ಹುಡುಗರ ಬಟ್ಟೆ ಹಾಕಿದರೆ ನಾಳೆ ಶಾಲೆಯಲ್ಲಿ ಆಡಿಕೊಳ್ಳುತ್ತಾರೆ" ಎಂದು ಬೇಸರಪಟ್ಟರು. ಅವಳಿಗೆಂದೇ ತರೋಣವೆಂದು ಅಂಗಡಿಗೆ ಹೋದೆ. ಹುಡುಗರ ಸಾಲಿನಲ್ಲಿ ಮಂಡಿಯವರೆಗೆ ಬರುವ, ಆಳವಾದ ಜೇಬುಗಳ ಚಡ್ಡಿಗಳಿದ್ದವು. ಹುಡುಗಿಯರ ಸಾಲಿನಲ್ಲಿದ್ದವು ಅದೇ ವಯಸ್ಸಿನವೇ ಆದರೂ ಅರ್ಧ ತೊಡೆಗೇ ನಿಲ್ಲುವಂಥವು. ಜೇಬಿರಬೇಕಾದ ಜಾಗದಲ್ಲಿ ಬರೀ ಗೆರೆ ಹೊಲಿದಿದ್ದರು. ನನ್ನ ಮಗಳು ಹೊಂಗೆಕಾಯಿ, ಬಳಪದ ತುಂಡು, ಬಾಟಲಿಯ ಮುಚ್ಚಳ, ಹೀಗೆ ಸಿಕ್ಕಿದ್ದನ್ನೆಲ್ಲ ಕೂಡಿಡುವವಳು. ಬೆರಳು ತೂರಿಸಲು ನೋಡಿ, "ಅಮ್ಮಾ, ಇದು ತೆರೆಯುವುದೇ ಇಲ್ಲ" ಎಂದಳು. ಇಷ್ಟು ಚಿಕ್ಕ ಮಕ್ಕಳಿಗೆ ಈ ವಿಂಗಡಣೆ ಬೇಕೇ? ಅತ್ತೆಯವರ ಮನಸ್ಸು ನೋಯಿಸದೆ ಏನು ಹೇಳಲಿ?

ಹುಬ್ಬಳ್ಳಿ ಟೈಲರ್

ತಂಗಿ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ನಾನು ಮಕ್ಕಳ ಬಟ್ಟೆ, ಶಾಲಾ ಸಮವಸ್ತ್ರ ಹೊಲಿದೇ ಬದುಕುವವನು. ಈ ವಿಷಯದಲ್ಲಿ ಜನ ಗುಲಾಬಿ ಬಣ್ಣ, ನೀಲಿ ಬಣ್ಣ ಎಂದು ವಾದಿಸುತ್ತಾರೆ. ಬಣ್ಣ ಬಿಡಿ, ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ. ಅನ್ಯಾಯ ಇರುವುದು ಅಲ್ಲಿ.

ಐದು ವರ್ಷಕ್ಕೆ ದೇಹದ ಅಳತೆಯಲ್ಲಿ ಹೇಳಿಕೊಳ್ಳುವಂಥ ಭೇದವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಐದು ತುಂಬಿದ ಹುಡುಗನ ಮಧ್ಯಮ ಎತ್ತರ 110 ಸೆಂ.ಮೀ., ಹುಡುಗಿಯದು 109.4. ತೂಕ 18.3 ಕಿಲೋ ಮತ್ತು 18.2 ಕಿಲೋ. ನಾವು ಬೆಳೆಯುವ ಮಕ್ಕಳೆಂದು ಕೆಳಗೆ ಎರಡಂಗುಲ ಮಡಿಕೆ ಬಿಟ್ಟೇ ಹೊಲಿಯುತ್ತೇವೆ. ಅರ್ಧ ಸೆಂಟಿಮೀಟರ್ ಯಾವ ಲೆಕ್ಕ? ಹುಡುಗಿಯ ಚಡ್ಡಿ ಗಿಡ್ಡವಾಗಲು, ಬಟ್ಟೆ ತೆಳುವಾಗಲು ಅವಳ ಮೈ ಕಾರಣವಲ್ಲ. ಹುಡುಗ ಓಡುತ್ತಾನೆ, ಹುಡುಗಿ ಚೆಂದ ಕಾಣುತ್ತಾಳೆ ಎಂದು ಮೊದಲೇ ತೀರ್ಮಾನಿಸಿ ಕತ್ತರಿಸಿದ ಬಟ್ಟೆ ಅದು. ತೆಳು ಬಟ್ಟೆ ಬೇಗ ಹರಿಯುತ್ತದೆ. ಹರಿದರೆ, "ಹೆಣ್ಣುಮಗುವಾಗಿ ಹೀಗೆ ಬಟ್ಟೆ ಹರಿದುಕೊಳ್ಳುತ್ತೀಯಾ" ಎಂದು ಬೈಸಿಕೊಳ್ಳುವವಳು ಮಗು.

ಇನ್ನೊಂದು, ಗುಂಡಿ. ಹುಡುಗರ ಅಂಗಿಗೆ ಗುಂಡಿ ಬಲಗಡೆ, ಹುಡುಗಿಯರದಕ್ಕೆ ಎಡಗಡೆ. ಅಕ್ಕನ ಅಂಗಿಯನ್ನು ತಮ್ಮನಿಗೆ ಹಾಕುವಾಗ ತಾಯಂದಿರು ಇದಕ್ಕೇ ಹಿಂಜರಿಯುತ್ತಾರೆ. ಅಣ್ಣನದು ತಂಗಿಗೆ ಸಾಗುತ್ತದೆ, ಅಕ್ಕನದು ತಮ್ಮನಿಗೆ ಸಾಗುವುದಿಲ್ಲ. ವಿಂಗಡಣೆಯಿಂದ ಲಾಭ ಅಂಗಡಿಗೆ. ಒಂದೇ ಮನೆಯವರು ಎರಡು ಸಲ ಕೊಳ್ಳುತ್ತಾರೆ.

ಅತ್ತೆಯವರಿಗೆ ಏನು ಹೇಳುವುದು ಎಂದಿರಿ. ನಮ್ಮ ಕಡೆ ಕೂಸಿಗೆ ಕುಂಚಿಗೆ, ಅಂದರೆ ತಲೆಯಿಂದ ಬೆನ್ನಿಗೆ ಇಳಿಯುವ ಟೊಪ್ಪಿಗೆ, ಹೊಲಿಸುವಾಗ ಅದು ಗಂಡೋ ಹೆಣ್ಣೋ ಎಂದು ನಾನು ಕೇಳುವುದಿಲ್ಲ. ಗುಳೇದಗುಡ್ಡದ ಖಣ ತರುತ್ತಾರೆ. ಹೆಂಗಸರ ಕುಪ್ಪಸದ ಬಟ್ಟೆ ಅದು, ಗಂಡುಕೂಸಿನ ತಲೆಯ ಮೇಲೂ ಅಷ್ಟೇ ಚೆಂದ. ನಿಮ್ಮ ಕಡೆಯೂ ಜವಳಕ್ಕೆ ಮೊದಲು ಗಂಡುಮಗುವಿಗೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ ಫೋಟೊ ತೆಗೆಸುವುದುಂಟಲ್ಲ? ನಿಮ್ಮ ಯಜಮಾನರದ್ದೇ ಅಂಥ ಫೋಟೊ ಇದ್ದರೂ ಇರಬಹುದು. ಪ್ರೀತಿಯಿಂದಲೇ ಕೇಳಿ ನೋಡಿ.

ಇಬ್ಬರು ಹೆಣ್ಣುಮಕ್ಕಳ ಅಪ್ಪ, ರೆಡಿಂಗ್

ಟೈಲರ್ ಅಣ್ಣನವರ ಮಾತು ಬಹುಮಟ್ಟಿಗೆ ಸರಿ. ಆದರೆ ಅಂಗಡಿಯಲ್ಲಿ ಹುಡುಗ, ಹುಡುಗಿ ಎಂಬ ಫಲಕ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಲಾರೆ. ಇಲ್ಲಿ ಬ್ರಿಟನ್ನಿನಲ್ಲಿ ಜಾನ್ ಲೂಯಿಸ್ ಮಳಿಗೆಗಳು 2017ರಲ್ಲಿ ತಮ್ಮದೇ ಬ್ರ್ಯಾಂಡಿನ ಮಕ್ಕಳ ಉಡುಪಿನ ಚೀಟಿಗಳನ್ನು ಬದಲಿಸಿ ಹುಡುಗ, ಹುಡುಗಿ ಇಬ್ಬರ ಹೆಸರನ್ನೂ ಒಟ್ಟಿಗೆ ಹಾಕಿದವು. ಹೊಗಳಿಕೆ, ಬೈಗುಳ ಎರಡೂ ಬಂದವು. ನನ್ನ ದೊಡ್ಡ ಮಗಳು ಇಂದಿಗೂ ನೇರವಾಗಿ ಹೊಳೆಯುವ ಗುಲಾಬಿ ಫ್ರಾಕಿನ ಕಡೆಗೇ ಓಡುತ್ತಾಳೆ. ಅವಳ ಇಷ್ಟವನ್ನೂ ನಾವು ಗೌರವಿಸಬೇಕು.

ಕಾಸರಗೋಡಿನ ಕನ್ನಡ ಮೇಷ್ಟ್ರು

ಕೇರಳದ ಅನುಭವ ಹೇಳುತ್ತೇನೆ. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಗರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ 2018ರಲ್ಲೇ ಹುಡುಗ, ಹುಡುಗಿ ಇಬ್ಬರಿಗೂ ಮುಕ್ಕಾಲು ಚಡ್ಡಿ, ಅಂಗಿ ತಂದಿತು. 2021ರ ಡಿಸೆಂಬರ್‌ನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಶಾಲೆ ಹುಡುಗಿಯರಿಗೂ ಪ್ಯಾಂಟು, ಅಂಗಿ ತಂದಾಗ ಪ್ರತಿಭಟನೆಗಳಾದವು. ಹುಡುಗರ ಉಡುಪನ್ನು ಹುಡುಗಿಯರ ಮೇಲೆ ಹೇರಲಾಗುತ್ತಿದೆ ಎಂಬುದು ವಿರೋಧಿಸಿದವರ ಆಕ್ಷೇಪ. ಕೊನೆಗೆ ಸರ್ಕಾರ ಯಾರ ಮೇಲೂ ಹೇರುವುದಿಲ್ಲ ಎಂದಿತು. ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಸ್ಕರ್ಟು ತೊಟ್ಟ ಹುಡುಗಿ ಆಟದ ಪೀರಿಯಡ್ಡಿನಲ್ಲಿ ಗೋಡೆಗೊರಗಿ ನಿಲ್ಲುವುದನ್ನು ಕಂಡವನು ನಾನು. ಶಾಲೆ ಎರಡೂ ಬಗೆಯನ್ನು ಒಪ್ಪಲಿ, ಆಯ್ಕೆ ಮಗುವಿಗಿರಲಿ.

ಮೈಸೂರಿನ ಅಮ್ಮ

ಎಲ್ಲರಿಗೂ ಧನ್ಯವಾದ. ಟೈಲರ್ ಅಣ್ಣ, ಎಷ್ಟು ವಯಸ್ಸಿನವರೆಗೆ ಒಂದೇ ಅಳತೆ ಸಾಗುತ್ತದೆ? ಅವಳ ಫ್ರಾಕುಗಳಿಗೆ ಈಗ ಜೇಬು ಇಡಲು ಬರುತ್ತದೆಯೇ?

ಹುಬ್ಬಳ್ಳಿ ಟೈಲರ್

ಹತ್ತರ ಹತ್ತಿರದವರೆಗೆ ಸಾಗುತ್ತದೆ. ಆಮೇಲೆ ಹುಡುಗಿಯರ ಎದೆ, ಸೊಂಟ, ಸೀಟಿನ ಅಳತೆ ಬದಲಾಗುತ್ತದೆ. ಆಗ ಬೇರೆ ಕತ್ತರಿಸಲೇಬೇಕು, ಅದರಲ್ಲಿ ಭೇದಭಾವವಿಲ್ಲ. ರೆಡಿಂಗ್‌ನ ಅಣ್ಣನವರೇ, ಗುಲಾಬಿ ಫ್ರಾಕು ಬೇಡವೆಂದು ನಾನೂ ಹೇಳಲಿಲ್ಲ. ಹೊಳೆಯುವ ಫ್ರಾಕಿಗೂ ಕಿಸೆ ಇರಲಿ, ಗಟ್ಟಿ ಹೊಲಿಗೆ ಇರಲಿ. ಹುಡುಗನೊಬ್ಬ ಹೂವಿನ ಬಟ್ಟೆ ಕೇಳಿದರೆ ಅವನಿಗೂ ಸಿಗಲಿ. ಅಂಥ ಹುಡುಗರ ಬಾಯಿ ಮುಚ್ಚಿಸುವುದನ್ನು ನನ್ನ ಅಂಗಡಿಯಲ್ಲೇ ನೋಡಿ ಸಂಕಟಪಟ್ಟಿದ್ದೇನೆ.

ತಂಗಿ, ಫ್ರಾಕಿಗೆ ಕಿಸೆ ಖಂಡಿತ ಬರುತ್ತದೆ. ಸೊಂಟದಿಂದ ಎರಡಂಗುಲ ಕೆಳಗೆ, ಪಕ್ಕದ ಹೊಲಿಗೆಯನ್ನು ಮಗುವಿನ ಕೈ ಹೋಗುವಷ್ಟು ಬಿಚ್ಚಿಸಿ. ಒಳಚೀಲಕ್ಕೆ ಗೇಣುದ್ದದ ಕಾಟನ್ ತುಂಡು ಸಾಕು, ಹಳೆಯ ಅಂಗಿಯದಾದರೂ ನಡೆಯುತ್ತದೆ. ನೆಟ್ ಬಟ್ಟೆಯ ಫ್ರಾಕಾದರೆ ಚೀಲವನ್ನು ಒಳಗಿನ ಲೈನಿಂಗಿಗೆ ಸೇರಿಸಲು ಹೇಳಿ. ನೆಟ್‌ಗೇ ಹೊಲಿದರೆ ಹೊಂಗೆಕಾಯಿಯ ಭಾರಕ್ಕೆ ಹರಿಯುತ್ತದೆ. ಬಾಯಿಯ ಎರಡೂ ತುದಿಗೆ ಮರುಹೊಲಿಗೆ ಹಾಕಿಸುವುದನ್ನು ಮರೆಯಬೇಡಿ.