ಉಡುಪಿ ಕಡೆಯ ಮಳೆಗಾಲದಲ್ಲಿ ಲಿಥಾಪ್ಸ್ ಉಳಿಯುತ್ತಾ? ಬೆಳೆಸಿದವರು ದಯವಿಟ್ಟು ಹೇಳಿ

ಕಾಪು_ಸಿಟೌಟ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಹತ್ತಿರದ ಕಾಪುವಿನಲ್ಲಿ. ಶಂಕರಪುರ ಮಲ್ಲಿಗೆ, ಆಂಥೂರಿಯಂ, ಆರ್ಕಿಡ್ ಎಲ್ಲ ನಮ್ಮಲ್ಲಿ ಚೆನ್ನಾಗಿ ಬರುತ್ತವೆ. ಆದರೆ ನನಗೆ ಹುಚ್ಚು ಹಿಡಿದಿರುವುದು ಲಿಥಾಪ್ಸ್ ಮೇಲೆ. ಬೆಣಚುಕಲ್ಲಿನ ಹಾಗೆ ಕಾಣುತ್ತದಲ್ಲ, ನಡುವೆ ಒಂದು ಸೀಳು ಇರುವ ಗಿಡ, ಅದು.

ಏಪ್ರಿಲ್‌ನಲ್ಲಿ ಆನ್‌ಲೈನ್‌ನಲ್ಲಿ ಐದು ಗಿಡ ತರಿಸಿದೆ. ಪಶ್ಚಿಮ ಬಂಗಾಳದ ಗುಡ್ಡದೂರು ಕಾಲಿಂಪಾಂಗ್‌ನಿಂದ ಬಂದವು. ಮಣ್ಣಿರಲಿಲ್ಲ, ಪೇಪರಿನಲ್ಲಿ ಸುತ್ತಿ ಕಳಿಸಿದ್ದರು. ಜೊತೆಗೆ ಕೊಟ್ಟ ಚೀಟಿಯಲ್ಲಿ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಡಿ ಎಂದು ಬರೆದಿತ್ತು, ಹಾಗೆಯೇ ನೆಟ್ಟೆ. ಸಿಟೌಟಿನಲ್ಲಿ ಇಟ್ಟಿದ್ದೇನೆ, ಬೆಳಗ್ಗಿನ ಬಿಸಿಲು ಬರುತ್ತದೆ. ಅತ್ತೆ ತುಳಸಿಗೆ ನೀರು ಹಾಕಿ ಬರುವಾಗ ಪ್ರೀತಿಯಿಂದ ಇವಕ್ಕೂ ಸ್ವಲ್ಪ ಹಾಕುತ್ತಾರೆ.

ಈಗ ಮೇ ಕೊನೆ. ಒಂದು ಗಿಡ ಬುಡದಲ್ಲಿ ಮೆತ್ತಗಾಗಿ, ಒಳಗಿನ ನೀರು ಕಾಣುವ ಹಾಗೆ ಆಗಿದೆ. ಒಂದರ ಸೀಳಿನಲ್ಲಿ ಹೊಸ ಎಲೆ ಇಣುಕುತ್ತಿದೆ, ಆದರೆ ಹಳೆ ಎಲೆಯೂ ದಪ್ಪಗೆ ಹಾಗೇ ಇದೆ. ಉಳಿದ ಮೂರರ ಪಕ್ಕದಲ್ಲಿ ಸಣ್ಣ ನೆರಿಗೆ ಬಿದ್ದಿದೆ. ಇನ್ನು ಕೆಲವೇ ದಿನದಲ್ಲಿ ಮಳೆ ಹಿಡಿಯುತ್ತದೆ. ನಾನೇನು ಮಾಡಬೇಕು? ಇಲ್ಲಿ ಇದನ್ನು ಸಾಕುವುದೇ ತಪ್ಪಾ?

ಜಯನಗರ_ಬಾಲ್ಕನಿ:

ನಾನು ವಾರಕ್ಕೊಮ್ಮೆ ಸ್ಪ್ರೇ ಮಾಡ್ತೀನಿ ಅಷ್ಟೇ. ಎಲ್ಲ ಚೆನ್ನಾಗಿವೆ, ಹೋದ ವರ್ಷ ಹೂ ಕೂಡ ಬಿಟ್ಟಿತ್ತು. ಟೆನ್ಷನ್ ಮಾಡ್ಕೋಬೇಡಿ.

ಮೈಸೂರು_ಮಹಡಿತೋಟ:

ಬುಡ ಮೆತ್ತಗಾದ ಗಿಡವನ್ನು ಇವತ್ತೇ ತೆಗೆದುಬಿಡಿ. ಅದು ಕೊಳೆತಿದೆ, ಉಳಿಯುವುದಿಲ್ಲ. ಉಳಿದ ನಾಲ್ಕನ್ನೂ ಕೋಕೋಪೀಟ್‌ನಿಂದ ಬಿಡಿಸಿ. ಬೇರಿಗೆ ಅಂಟಿದ ಪುಡಿಯನ್ನು ಮೆದು ಬ್ರಷ್‌ನಲ್ಲಿ ಉದುರಿಸಿ, ನೆರಳಿನಲ್ಲಿ ಪೇಪರ್ ಮೇಲೆ ಮೂರು ನಾಲ್ಕು ದಿನ ಬಿಡಿ. ಹೆದರಬೇಡಿ. ಮಣ್ಣಿಲ್ಲದೆ ಅಷ್ಟು ದಿನ ಇರುವುದು ಅವಕ್ಕೆ ಏನೂ ಅಲ್ಲ. ಕಾಲಿಂಪಾಂಗ್‌ನಿಂದ ನಿಮ್ಮ ಮನೆಗೆ ಹಾಗೇ ತಾನೇ ಬಂದದ್ದು?

ನಾನು ಇವನ್ನು ಬೀಜದಿಂದ ಬೆಳೆಸುತ್ತೇನೆ. ನನ್ನ ತಂಗಿ ಮನೆ ಸುರತ್ಕಲ್‌ನಲ್ಲಿ. ಒಂದೇ ಕಾಯಿಯ ಬೀಜದ ಸಸಿಗಳಲ್ಲಿ ಅರ್ಧ ನನ್ನ ಮಹಡಿಯಲ್ಲಿವೆ, ಅರ್ಧ ಅವಳ ಮನೆಯಲ್ಲಿವೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಎರಡೂ ಊರು ನೋಡಿಕೊಂಡೇ ಉತ್ತರ ಹೇಳುತ್ತಿದ್ದೇನೆ.

ಎಲ್ಲರೂ ಮಳೆಗೆ ಹೆದರುತ್ತಾರೆ. ಮಳೆಯನ್ನು ಒಂದು ಫೈಬರ್ ಶೀಟ್ ಹಾಕಿ ತಡೆಯಬಹುದು. ಕರಾವಳಿಯಲ್ಲಿ ಲಿಥಾಪ್ಸ್‌ಗೆ ನಿಜವಾದ ಕಷ್ಟ ರಾತ್ರಿಯ ಸೆಕೆ. ಹೆಚ್ಚಿನ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಇವು ಹಗಲಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ತಂಪಾದ ಮೇಲೆ ರಾತ್ರಿ ತೆರೆಯುತ್ತವೆ. ನೀರು ಉಳಿಸಿಕೊಳ್ಳಲು ಅವು ಕಂಡುಕೊಂಡ ದಾರಿ ಅದು. ರಾತ್ರಿಯೂ ಸೆಕೆ ಇಳಿಯದಿದ್ದರೆ ಈ ಲೆಕ್ಕ ತಪ್ಪುತ್ತದೆ. ಗಿಡ ಸುಮ್ಮನೆ ಕೂತುಬಿಡುತ್ತದೆ. ಬೇರು ನೀರು ಎಳೆಯುವುದಿಲ್ಲ. ಆಗ ನೀವು ಹಾಕಿದ ನೀರು ಕುಂಡದಲ್ಲಿ ನಿಂತು ಬೇರನ್ನೇ ಕೊಳೆಸುತ್ತದೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920. ಬೇಸಿಗೆಯಲ್ಲೂ ನಮ್ಮಲ್ಲಿ ಬೆಳಗಿನ ಜಾವ ತಣ್ಣಗಾಗುತ್ತದೆ. ಕಾಲಿಂಪಾಂಗ್ ಇನ್ನೂ ಎತ್ತರ, 1,200 ಮೀಟರಿನ ಸುತ್ತ. ನಿಮ್ಮ ಗಿಡಗಳು ಅಂಥ ರಾತ್ರಿಗಳಲ್ಲಿ ಬೆಳೆದು, ಏಪ್ರಿಲ್‌ನಲ್ಲಿ ನೇರ ಕಾಪುವಿನ ಸೆಕೆಗೆ ಬಂದು ಇಳಿದಿವೆ. ಜಯನಗರದವರ ಸ್ಪ್ರೇ ಜಯನಗರದಲ್ಲಿ ನಡೆಯುತ್ತದೆ, ಅವರು ಹೇಳಿದ್ದು ಸುಳ್ಳಲ್ಲ. ಕಾಪುವಿನಲ್ಲಿ ಅದನ್ನು ಮಾಡಬೇಡಿ.

ಅಂದರೆ ನೀರಿನ ಲೆಕ್ಕ ನಿಮಗೆ ಬೇರೆ. ಇಂಗ್ಲೆಂಡ್, ಅಮೆರಿಕದವರು ಬರೆದ ಪುಸ್ತಕಗಳಲ್ಲಿ ಚಳಿಗಾಲದಲ್ಲಿ ನೀರು ಬೇಡ, ಬೇಸಿಗೆಯಲ್ಲಿ ಕೊಡಿ ಎಂದಿರುತ್ತದೆ. ಅವರ ಬೇಸಿಗೆಯ ರಾತ್ರಿಗೂ ನಮ್ಮ ಮೇ ತಿಂಗಳ ರಾತ್ರಿಗೂ ಸಂಬಂಧವೇ ಇಲ್ಲ. ಸುರತ್ಕಲ್‌ನಲ್ಲಿ ಗಿಡ ಚುರುಕಾಗುವುದು ಮಳೆ ಮುಗಿದು ರಾತ್ರಿ ಸ್ವಲ್ಪ ತಂಪಾದ ಮೇಲೆ, ನವೆಂಬರ್ ಹೊತ್ತಿಗೆ. ತಂಗಿ ಜಾಸ್ತಿ ನೀರು ಕೊಡುವುದು ಆವಾಗಲೇ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಹೆಚ್ಚುಕಡಿಮೆ ಒಣಗಿಯೇ ಇಡುತ್ತಾಳೆ. ಪೂರ್ತಿ ಸುಕ್ಕಾದರೆ ಮಾತ್ರ ಕುಂಡದ ಅಂಚಿನಲ್ಲಿ ಎರಡು ಚಮಚ, ಅದೂ ಸಂಜೆ, ಅದೂ ಫ್ಯಾನ್ ಹಾಕಿ.

ಫ್ಯಾನ್ ಎಂದಾಗ ನಗಬೇಡಿ. ಜುಲೈನಲ್ಲಿ ನಿಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕುಂಡ ಒಣಗುತ್ತದಾ? ಸಣ್ಣ ಟೇಬಲ್ ಫ್ಯಾನ್ ದಿನಕ್ಕೆ ಕೆಲವು ಗಂಟೆ ಓಡಲಿ. ಮೋಡ ಕವಿದ ದಿನಗಳಲ್ಲಿ ಬೆಳಕೂ ಸಾಲದು. ಬೆಳಕಿಲ್ಲದೆ ನೀರು ಕುಡಿದ ಲಿಥಾಪ್ಸ್ ಉದ್ದಕ್ಕೆ ಎದ್ದು ನಿಲ್ಲುತ್ತದೆ, ಆ ಜೊತೆ ಎಲೆ ಮತ್ತೆ ಸರಿಹೋಗುವುದಿಲ್ಲ. ಒಂದು ಬಿಳಿ ಎಲ್‌ಇಡಿ ಪಟ್ಟಿಯನ್ನು ಗಿಡದಿಂದ ಒಂದು ಗೇಣು ಮೇಲೆ ಕಟ್ಟಿ, ಹನ್ನೆರಡು ಗಂಟೆ ಉರಿಸಿ.

ಮಣ್ಣಿಗೆ ಬರೋಣ. ಕೋಕೋಪೀಟ್ ನಿಮ್ಮ ಊರಿಗೆ ಆಗುವುದೇ ಇಲ್ಲ. ನೀರು ಹಿಡಿದರೆ ಬಿಡುವುದಿಲ್ಲ. ನಿಮ್ಮ ಹಿತ್ತಲಲ್ಲಿ ಒಡೆದ ಮಂಗಳೂರು ಹೆಂಚು ಖಂಡಿತ ಇರುತ್ತದೆ, ಅಲ್ವಾ? ಅದಕ್ಕಿಂತ ಒಳ್ಳೆಯ ಸಾಮಾನು ನಾನು ಕಂಡಿಲ್ಲ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಜಜ್ಜಿ, ಜರಡಿ ಹಿಡಿಯಿರಿ. ಮೂರರಿಂದ ಐದು ಮಿಲಿಮೀಟರ್ ಚೂರು ಬೇಕು. ಧೂಳನ್ನು ತೊಳೆದು ಬಿಸಾಡಿ, ಅದು ಉಳಿದರೆ ಕುಂಡದ ತಳದಲ್ಲಿ ಕೆಸರಾಗುತ್ತದೆ. ಇಂಥ ಚೂರು ಮುಕ್ಕಾಲು ಪಾಲು, ಉಳಿದ ಕಾಲು ಪಾಲಿನಲ್ಲಿ ದಪ್ಪ ಮರಳು, ಸ್ವಲ್ಪ ಇದ್ದಿಲ ಚೂರು, ಒಂದು ಹಿಡಿ ಹಳೆಯ ಎಲೆಗೊಬ್ಬರ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಕುಂಡ ಸ್ವಲ್ಪ ಆಳ ಇರಲಿ, ಇದಕ್ಕೆ ತಾಯಿಬೇರು ಇದೆ. ತೂತು ಇರಲೇಬೇಕು.

ಇನ್ನು ನಿಮ್ಮ ನಾಲ್ಕು ಗಿಡ ಏನು ಹೇಳುತ್ತಿವೆ ನೋಡೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಲಿಥಾಪ್ಸ್‌ಗೆ ಒಂದು ಹೊತ್ತಿಗೆ ಒಂದೇ ಜೊತೆ ಎಲೆ. ವರ್ಷಕ್ಕೊಮ್ಮೆ ಒಳಗಿನಿಂದ ಹೊಸ ಜೊತೆ ಹುಟ್ಟುತ್ತದೆ. ಹೊಸದು ಹಳೆಯದರ ನೀರನ್ನೂ ಸಾರವನ್ನೂ ಹೀರಿಕೊಂಡೇ ಬೆಳೆಯುತ್ತದೆ. ಹಳೆಯದು ಒಣಗಿ ಕಾಗದದಷ್ಟು ತೆಳ್ಳಗಾಗಬೇಕು. ಈ ಹೊತ್ತಿನಲ್ಲಿ ನೀರು ಕೊಟ್ಟರೆ ಹಳೆ ಎಲೆ ಸಾಯುವುದೇ ಇಲ್ಲ, ಒಂದರ ಮೇಲೊಂದು ಎರಡು ಜೊತೆ ನಿಲ್ಲುತ್ತದೆ. ನಿಮ್ಮ ಎರಡನೇ ಗಿಡಕ್ಕೆ ಆಗಿರುವುದು ಅದೇ. ಅದಕ್ಕೆ ಒಂದು ತೊಟ್ಟೂ ನೀರು ಬೇಡ. ಹಳೆ ಎಲೆಯನ್ನು ಕೈಯಿಂದ ಕೀಳಬೇಡಿ.

ಪಕ್ಕದಲ್ಲಿ ನೆರಿಗೆ ಬಿದ್ದ ಮೂರು ಗಿಡ ಚೆನ್ನಾಗಿವೆ. ನೆರಿಗೆ ಎಂದರೆ ಬಾಯಾರಿಕೆ ಅಷ್ಟೇ. ಈ ಸೆಕೆಯಲ್ಲಿ ಅವು ಬಾಯಾರಿಕೊಂಡೇ ಇರಲಿ. ಬಾಯಾರಿದ ಗಿಡವನ್ನು ನವೆಂಬರ್‌ನಲ್ಲಿ ತುಂಬಿಸಬಹುದು, ಕೊಳೆತದ್ದನ್ನು ಏನೂ ಮಾಡಲಾಗುವುದಿಲ್ಲ.

ಅತ್ತೆಗೆ ಬೇಸರ ಆಗುವುದು ಬೇಡ. ಗಿಡಗಳನ್ನು ತುಳಸಿಕಟ್ಟೆಯ ದಾರಿಯಿಂದ ಬೇರೆ ಕಡೆಗೆ ಇಡಿ, ಸಾಕು.

ಬಳ್ಳಾರಿ_ಬಂಡೆ:

ಮೈಸೂರಿನ ಅಕ್ಕ ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಕಾಪುವಿನ ಮೇಡಂ, ಲಿಥಾಪ್ಸ್ ಇರಲಿ. ಜೊತೆಗೆ ಹುಯೆರ್ನಿಯಾ, ಸ್ಟಪೇಲಿಯಾ ಎಂಬ ದಪ್ಪ ಕಾಂಡದ ಗಿಡಗಳನ್ನೂ ಬೆಳೆಸಿ ನೋಡಿ. ಇವು ಸೆಕೆಗೆ ಅಷ್ಟು ಹೆದರುವುದಿಲ್ಲ. ಮಳೆ ತಲೆಮೇಲೆ ಬೀಳದಿದ್ದರೆ ನಿಮ್ಮ ಸಿಟೌಟಿನಲ್ಲೇ ಹಬ್ಬುತ್ತವೆ. ಹುಯೆರ್ನಿಯಾ ಜೆಬ್ರಿನಾ ಹೂವಿನ ನಡುವೆ ಹೊಳೆಯುವ ಕಂದುಗೆಂಪು ಉಂಗುರ ಇರುತ್ತದೆ, ಸುತ್ತ ಪಟ್ಟೆಪಟ್ಟೆ. ಒಮ್ಮೆ ನೋಡಿದರೆ ಮತ್ತೆ ಗುಲಾಬಿ ಕಡೆ ಕಣ್ಣು ಹೋಗುವುದಿಲ್ಲ. ಸ್ಟಪೇಲಿಯಾ ಹೂ ಕೊಳೆತ ಮಾಂಸದ ವಾಸನೆ ಬರುತ್ತದೆ, ಪರಾಗ ಸಾಗಿಸಲು ನೊಣ ಕರೆಯಬೇಕಲ್ಲ. ಕಿಟಕಿ ಹತ್ತಿರ ಇಡಬೇಡಿ.

ಇವುಗಳ ನೆಂಟರು ನಮ್ಮ ನೆಲದಲ್ಲೇ ಇದ್ದಾರೆ. ನಮ್ಮ ಕಡೆ ಬಂಡೆ ಸಂದಿಯಲ್ಲಿ, ಮುಳ್ಳುಪೊದೆಯ ಬುಡದಲ್ಲಿ ಕ್ಯಾರಲುಮ ಬೆಳೆಯುತ್ತದೆ. ನಾಲ್ಕು ಮೂಲೆಯ ಕಾಂಡ, ಎಲೆ ಕಾಣುವುದಿಲ್ಲ. ಕ್ಯಾರಲುಮ ಅಂಬೆಲೇಟಾ ತುದಿಯಲ್ಲಿ ಹೂಗಳು ಚೆಂಡಿನಂತೆ ಗುಂಪಾಗಿ ಬರುತ್ತವೆ, ಕಡುಗೆಂಪಿನ ಮೇಲೆ ಹಳದಿ ಗೆರೆ. ನಾವು ಹುಡುಗರಾಗಿದ್ದಾಗ ಅದರ ಪಕ್ಕದಲ್ಲೇ ಕುರಿ ಮೇಯಿಸುತ್ತಿದ್ದೆವು. ಅದಕ್ಕೊಂದು ಬೆಲೆ ಇದೆ ಎಂದು ಯಾರೂ ಹೇಳಿರಲಿಲ್ಲ. ದಕ್ಷಿಣ ಆಫ್ರಿಕಾದ ಗಿಡಕ್ಕೆ ಸಾವಿರಾರು ರೂಪಾಯಿ ಕೊಡುವವರು ನಮ್ಮ ಬಂಡೆಯ ಮೇಲಿನದನ್ನು ಒಮ್ಮೆಯಾದರೂ ಬಗ್ಗಿ ನೋಡಬೇಕು.

ಹಾಗಂತ ಗುಡ್ಡಕ್ಕೆ ಹೋಗಿ ಕಿತ್ತುಕೊಂಡು ಬರಬೇಡಿ. ಪಕ್ಕದ ಮಹಾರಾಷ್ಟ್ರದ ಫ್ರೆರಿಯಾ ಇಂಡಿಕಾ ಕಥೆ ಗೊತ್ತಿರಬಹುದು. ಪಶ್ಚಿಮಘಟ್ಟದ ಕಡಿದಾದ ಬಂಡೆಗಳಲ್ಲಿ, ಜುನ್ನರ್ ಬಳಿಯ ಶಿವನೇರಿ ಕೋಟೆಯಂಥ ಕೆಲವೇ ಜಾಗಗಳಲ್ಲಿ ಮಾತ್ರ ಉಳಿದಿರುವ ಗಿಡ ಅದು. ಮಳೆಗಾಲದಲ್ಲಿ ಅಗಲವಾದ ಎಲೆ ಬಿಟ್ಟು, ಒಣ ಕಾಲದಲ್ಲಿ ಉದುರಿಸಿಕೊಳ್ಳುತ್ತದೆ. ಕಡುಗೆಂಪು ನಕ್ಷತ್ರದ ಹೂ. ಒಂದು ತುಂಡಿನಿಂದ ಸುಲಭವಾಗಿ ಬೇರು ಬಿಡುವ ಗಿಡವದು. ಅಂಥದ್ದನ್ನು ಬುಡಸಮೇತ ಕೀಳುವ ಅಗತ್ಯವಾದರೂ ಏನು? ಬೆಳೆಸಿದವರ ಹತ್ತಿರ ತುಂಡು ಕೇಳಿ. ತುಂಡನ್ನು ಒಂದು ವಾರ ಒಣಗಿಸಿ, ಹೆಂಚಿನ ಚೂರಿನ ಮೇಲೆ ಮಲಗಿಸಿ ಬಿಡಿ. ಹೂತುಹಾಕಬೇಡಿ.

ಕಾಪು_ಸಿಟೌಟ್:

ಮೈಸೂರಿನ ಅಕ್ಕ, ಬಳ್ಳಾರಿಯವರೇ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ ಮಾರಾಯ್ರೆ! ಹೆಂಚು ಜಜ್ಜಿ ಆಯಿತು. ಹಳೇ ಹಟ್ಟಿಯ ಹೆಂಚು ಒಂದು ರಾಶಿ ಬಿದ್ದಿತ್ತು. ಗಿಡ ಬಿಡಿಸುವಾಗ ಒಂದರ ಬೇರಿನಲ್ಲಿ ಬಿಳಿ ಹಿಟ್ಟಿನ ಹಾಗೆ ಇತ್ತು. ಕುಂಡದ ಸುತ್ತ ಇರುವೆಯೂ ಓಡಾಡುತ್ತಿದ್ದವು. ಅದೇನು?

ಇನ್ನೊಂದು ವಿಷಯ. ನೀಲಿ, ನೇರಳೆ ಬಣ್ಣದ ಲಿಥಾಪ್ಸ್ ಬೀಜ ನೂರು ಇನ್ನೂರು ರೂಪಾಯಿಗೆ ಮಾರುತ್ತಾರೆ. ತರಿಸಲಾ? ಬೀಜದಿಂದ ಮಾಡುವುದು ನನ್ನಂಥವರಿಗೆ ಆಗುತ್ತಾ?

ಮೈಸೂರು_ಮಹಡಿತೋಟ:

ಅದು ಬೇರಿನ ಹಿಟ್ಟು ತಿಗಣೆ. ಇರುವೆಗಳು ಅದರ ಸಿಹಿ ಅಂಟಿಗೆ ಬರುತ್ತವೆ, ಒಂದು ಕುಂಡದಿಂದ ಇನ್ನೊಂದಕ್ಕೆ ಹೊತ್ತುಕೊಂಡೂ ಹೋಗುತ್ತವೆ. ಆ ಗಿಡದ ಬೇರನ್ನು ನೀರಿನಲ್ಲಿ ತೊಳೆದು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ. ಎಲ್ಲಕ್ಕಿಂತ ಜಾಸ್ತಿ ದಿನ ಅದನ್ನು ಒಣಗಿಸಿ, ಬೇರೆ ಕುಂಡದಲ್ಲಿ ಒಂಟಿಯಾಗಿ ನೆಡಿ. ಹಳೆ ಕೋಕೋಪೀಟನ್ನು ಮಲ್ಲಿಗೆ ಬುಡಕ್ಕೆ ಹಾಕಬೇಡಿ, ದೂರ ಬಿಸಾಡಿ. ಕುಂಡವನ್ನು ನೀರಿರುವ ತಟ್ಟೆಯ ನಡುವೆ ಕಲ್ಲಿನ ಮೇಲೆ ಇಟ್ಟರೆ ಇರುವೆ ಹತ್ತುವುದಿಲ್ಲ. ಮಳೆಗಾಲದಲ್ಲಿ ಬಸವನಹುಳುವಿಗೂ ಅದೇ ತಡೆ. ಒಂದು ರಾತ್ರಿಯಲ್ಲಿ ಎಲೆ ಕೆರೆದು ತಿಂದುಬಿಡುತ್ತದೆ ಅದು.

ನೀಲಿ ಬೀಜ ಪೂರ್ತಿ ಮೋಸ. ಫೋಟೋಗೆ ಬಣ್ಣ ಹಚ್ಚಿರುತ್ತಾರೆ, ಬರುವುದು ಯಾವುದೋ ಕಳೆಯ ಬೀಜ. ಲಿಥಾಪ್ಸ್ ಇರುವುದು ಅದರ ನೆಲದ ಬಣ್ಣದಲ್ಲಿ. ಬೂದಿ, ಕಂದು, ಇಟ್ಟಿಗೆ, ಮಂಕು ಹಸಿರು. ಕಡುಗೆಂಪಿನದು ಬೇಕಾದರೆ ಆಪ್ಟಿಕಾ ರೂಬ್ರಾ ಎಂಬ ಲಿಥಾಪ್ಸ್ ನಿಜವಾಗಿಯೂ ಇದೆ. ಆದರೆ ಅದರ ತವರು ನಮೀಬಿಯಾದ ತಣ್ಣನೆಯ, ಮಂಜು ಕವಿಯುವ ಕಡಲತೀರ. ಕಾಪು ಕೂಡ ಕಡಲತೀರವೇ, ಆದರೆ ಆ ತಂಪು ನಿಮ್ಮಲ್ಲಿಲ್ಲ. ನೀವು ಲೆಸ್ಲಿಯೈ, ಆಕ್ಯಾಂಪಿಯೈ, ಸ್ಯಾಲಿಕೋಲಾ ಈ ಮೂರು ಜಾತಿಯ ಲಿಥಾಪ್ಸ್‌ನಲ್ಲಿ ಶುರು ಮಾಡಿ. ದಕ್ಷಿಣ ಆಫ್ರಿಕಾದಲ್ಲಿ ಬೇಸಿಗೆ ಮಳೆ ಬೀಳುವ ಒಳನಾಡಿನವು ಇವು, ಸ್ವಲ್ಪ ಗಟ್ಟಿ ಜೀವ. ಸ್ಯಾಲಿಕೋಲಾ ಅಂತೂ ಒಂದಿಷ್ಟು ಹೆಚ್ಚು ನೀರನ್ನೂ ತಡೆದುಕೊಳ್ಳುತ್ತದೆ.

ಬೀಜದಿಂದ ಖಂಡಿತ ಆಗುತ್ತದೆ. ಕೊಳ್ಳುವುದಕ್ಕಿಂತ ಅದೇ ಒಳ್ಳೆಯದು ಎನ್ನುತ್ತೇನೆ ನಾನು. ನಿಮ್ಮ ಮನೆಯ ಗಾಳಿಯಲ್ಲೇ ಹುಟ್ಟಿದ ಗಿಡಕ್ಕೆ ಊರು ಬದಲಿಸುವ ಕಷ್ಟ ಇರುವುದಿಲ್ಲ. ಇನ್ನೊಂದು ಕಾರಣವೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಲಿಥಾಪ್ಸ್‌ನ ಹತ್ತಿರದ ನೆಂಟ ಕೊನೊಫೈಟಮ್ ಗಿಡಗಳನ್ನು ಕಾಡಿನಿಂದ ರಾಶಿರಾಶಿ ಕಿತ್ತು ಕದ್ದು ಮಾರುತ್ತಿದ್ದಾರೆ. ಕೊಳ್ಳುವಾಗ ಬೀಜದಿಂದ ಬೆಳೆಸಿದ್ದಾ ಎಂದು ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಬಿತ್ತುವುದು ನವೆಂಬರ್ ಕೊನೆಗೆ ಇಟ್ಟುಕೊಳ್ಳಿ. ಬೀಜ ತೀರಾ ಸಣ್ಣ, ಉಸಿರು ಬಿಟ್ಟರೆ ಹಾರುತ್ತದೆ. ಸಣ್ಣ ಜರಡಿ ಹಿಡಿದ ಹೆಂಚಿನ ಚೂರು, ಮರಳಿನ ಮೇಲೆ ಸುಮ್ನೆ ಉದುರಿಸಿ. ಮುಚ್ಚಬೇಡಿ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ತೇವ ಏರಿಸಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಬಿಸಿಲಿಲ್ಲದ ಬೆಳಕಿನಲ್ಲಿ ಇಡಿ. ಒಂದೆರಡು ವಾರದಲ್ಲಿ ಹಸಿರು ಚುಕ್ಕೆ ಕಾಣುತ್ತದೆ. ಆಮೇಲೆ ಪ್ಲಾಸ್ಟಿಕ್ ದಿನಾ ಸ್ವಲ್ಪ ಸ್ವಲ್ಪ ತೆರೆಯಿರಿ. ಮೊದಲ ವರ್ಷ ಮಾತ್ರ ಸಸಿಗೆ ಆಗಾಗ ನೀರು ಬೇಕು, ದೊಡ್ಡ ಗಿಡದ ನಿಯಮ ಅದಕ್ಕಿಲ್ಲ. ಹೂವಿಗೆ ಮೂರು ವರ್ಷದ ಹತ್ತಿರ ಕಾಯಬೇಕು.

ಕಾಯಿ ಆಗಬೇಕಾದರೆ ಒಂದೇ ಜಾತಿಯ ಎರಡು ಬೇರೆ ಬೇರೆ ಗಿಡ ಒಟ್ಟಿಗೆ ಹೂ ಬಿಡಬೇಕು. ಸಣ್ಣ ಬ್ರಷ್‌ನಲ್ಲಿ ಪರಾಗ ದಾಟಿಸಿ. ಒಣಗಿದ ಕಾಯಿ ಎಷ್ಟು ದಿನ ಇಟ್ಟರೂ ಬಾಯಿ ತೆರೆಯುವುದಿಲ್ಲ. ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಲವೇ ನಿಮಿಷದಲ್ಲಿ ಮುಚ್ಚಳಗಳು ಒಂದೊಂದಾಗಿ ಹೊರಗೆ ಮಗುಚಿಕೊಳ್ಳುತ್ತವೆ. ಒಣಗಿಸಿದರೆ ಮತ್ತೆ ಮುಚ್ಚುತ್ತವೆ. ಇವುಗಳ ತವರಿನ ಒಣನೆಲದಲ್ಲಿ ಮಳೆಹನಿ ಬಿದ್ದಾಗಲೇ ಬೀಜ ಹೊರಗೆ ಹೋಗಬೇಕಲ್ಲ, ಅದಕ್ಕೆ ಆ ಏರ್ಪಾಡು. ನಿಮ್ಮ ಮಕ್ಕಳಿಗೆ ತೋರಿಸಿ, ಅತ್ತೆಗೂ ತೋರಿಸಿ.

ನನ್ನ ಹತ್ತಿರ ಲೆಸ್ಲಿಯೈ ಬೀಜ ಇದೆ. ಅಕ್ಟೋಬರ್‌ನಲ್ಲಿ ಇಲ್ಲೇ ನೆನಪು ಮಾಡಿ, ಕವರಿನಲ್ಲಿ ಹಾಕಿ ಕಳಿಸುತ್ತೇನೆ. ಬಳ್ಳಾರಿಯವರೇ, ನಿಮ್ಮ ಮನೆಯಲ್ಲಿ ಬೆಳೆದ ಕ್ಯಾರಲುಮದ ಒಂದು ತುಂಡು ನನಗೂ ಬೇಕು.

ಬಳ್ಳಾರಿ_ಬಂಡೆ:

ಕಳಿಸ್ತೀನಿ ಅಕ್ಕ. ಈಗಲೇ ಕತ್ತರಿಸಿ ಒಣಗಲು ಇಡುತ್ತೇನೆ. ನ್ಯೂಸ್‌ಪೇಪರಿನಲ್ಲಿ ಸುತ್ತಿ ಹಾಕುತ್ತೇನೆ, ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ದಾರಿಯಲ್ಲೇ ಬೆವರುತ್ತದೆ. ಬಂದ ತಕ್ಷಣ ನೀರು ಕೊಡಬೇಡಿ, ತುಂಡಿನಲ್ಲಿ ಬೇರು ಕಂಡ ಮೇಲೆ ಕೊಡಿ. ಕಾಪುವಿನ ಮೇಡಂಗೆ ಹುಯೆರ್ನಿಯಾ ತುಂಡು ಬೇಕಿದ್ದರೆ ಮಳೆ ಜೋರಾಗುವ ಮುಂಚೆ ಹೇಳಲಿ.