ನಾಲ್ಕು ಹೀರೋ, ನಾಲ್ಕು ಎಂಟ್ರಿ: ಕಥೆ ಶುರುವಾಗೋದು ಯಾವಾಗ?

ಕೌಲ್‌ಬಜಾರ್ ಹುಡುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹಗಲು ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಡುತ್ತೇನೆ, ರಾತ್ರಿ ಸ್ಕ್ರಿಪ್ಟ್ ಬರೆಯುತ್ತೇನೆ. ಎರಡು ವರ್ಷದಿಂದ ಒಂದೇ ಕಥೆ ಹಿಡಿದು ಕೂತಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಹೋಯ್ತಲ್ಲ, ಅವತ್ತು ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಅಜ್ಜಿಯ ಊರು ಕಂಪ್ಲಿ ಹತ್ತಿರ, ಹೊಳೆ ದಂಡೆಗೇ ಇದೆ. ಅಂಥದ್ದೇ ಒಂದು ರಾತ್ರಿ ನಮ್ಮ ಕಡೆಯ ನಾಲ್ವರು ಸೂಪರ್‌ಹೀರೋಗಳು ಒಂದಾಗುತ್ತಾರೆ ಅನ್ನೋದು ನನ್ನ ಕಥೆ. ಜೀನ್ಸ್ ವಾಷಿಂಗ್ ಘಟಕದ ಅಕ್ಕ ಹೇಳಿದ ಹಾಗೆ ನೀರು ಕೇಳುತ್ತದೆ. ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಹುಡುಗನ ಮೈಯಲ್ಲಿ ಕರೆಂಟ್. ಹಟ್ಟಿ ಚಿನ್ನದ ಗಣಿಯ ಕೆಲಸಗಾರನಿಗೆ ನೆಲದೊಳಗಿನ ಸದ್ದೆಲ್ಲ ಕೇಳುತ್ತದೆ. ಕಿನ್ನಾಳದ ಅಜ್ಜ ಮಾಡಿದ ಗೊಂಬೆಗಳು ಎದ್ದು ನಡೆಯುತ್ತವೆ.

ಒಬ್ಬೊಬ್ಬರಿಗೂ ಆರು ನಿಮಿಷದ ಎಂಟ್ರಿ ಬರೆದಿದ್ದೆ. ಕಳ್ಳರು, ಹೊಡೆದಾಟ, ಹೊಗೆ, ಸ್ಲೋ ಮೋಷನ್. ಓದಿದ ತಂಗಿ ಕೇಳಿದಳು: "ಅಣ್ಣಾ, ಡ್ಯಾಮ್ ಎಲ್ಲಿ?" ಡ್ಯಾಮ್ ಬರೋದು 31ನೇ ಪುಟಕ್ಕೆ. ಅವಳು ಹೇಳಿದ್ದು ಸರಿ. ನಾಲ್ವರನ್ನೂ ಪರಿಚಯಿಸಬೇಕು, ಕಥೆಯೂ ನಿಲ್ಲಬಾರದು. ಹೇಗೆ?

ರಾಯಚೂರಿನವನು

ಹಾಲಿವುಡ್‌ನ ಸೂಪರ್‌ಹೀರೋಗಳು ಒಂದಾಗುವ 'ಅವೆಂಜರ್ಸ್' 2012ರಲ್ಲಿ ಬರೋ ಮೊದಲು ಆ ಹೀರೋಗಳದ್ದೇ 2008ರಿಂದ ಐದು ಸಿನಿಮಾ ಬಂದಿದ್ದವು. ಜನರಿಗೆ ಮುಖ ಗೊತ್ತಿತ್ತು. ನಿಮಗೆ ಆ ಅನುಕೂಲ ಇಲ್ಲ. ಆದರೂ ಅದರಲ್ಲಿ ಸಿಟ್ಟು ಬಂದರೆ ಹಸಿರು ದೈತ್ಯನಾಗುವ ಹಲ್ಕ್ ಬರುವ ರೀತಿ ನೋಡಿ. ಕೋಲ್ಕತ್ತಾದ ಬಡವರ ಕೇರಿಯಲ್ಲಿ ಡಾಕ್ಟರಾಗಿ ರೋಗಿಗಳನ್ನು ನೋಡುತ್ತಿರುತ್ತಾನೆ. ಅಲ್ಲಿ ಅವನು ಹಸಿರಾಗೋದೇ ಇಲ್ಲ. ಕರೆಯಲು ಬಂದವಳ ಎದುರು ಒಮ್ಮೆ ಸುಮ್ನೆ ಗದರುತ್ತಾನೆ, ಅವಳು ತಕ್ಷಣ ಗನ್ ಹಿಡಿಯುತ್ತಾಳೆ. ಇವನು ಎಷ್ಟು ಅಪಾಯ ಅಂತ ಅವಳ ಕೈ ನೋಡಿದರೇ ಗೊತ್ತಾಗುತ್ತದೆ.

ಇನ್ನು 2014ರ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ'ಯ ಹೀರೋಗಳಿಗೆ ಮೊದಲು ಒಂದೂ ಸಿನಿಮಾ ಇರಲಿಲ್ಲ. ಬೀದಿಯಲ್ಲಿ ಜಗಳ ಆಡಿ ಸಿಕ್ಕಿಬೀಳುತ್ತಾರೆ. ಸಾಲಾಗಿ ನಿಲ್ಲಿಸಿ ಪೊಲೀಸರೇ ಅವರ ದಾಖಲೆ ಓದುತ್ತಾರೆ. ಪರಿಚಯವೂ ಆಯ್ತು, ಕಥೆಯೂ ಜೈಲಿನವರೆಗೆ ಬಂತು.

ಕುರುಗೋಡಿನ ಮೇಷ್ಟ್ರು

ತಮ್ಮಾ, ಇದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ದೊಡ್ಡಾಟ ನೋಡಿದ್ದೀಯಾ? ನಾನು ವಯಸ್ಸಿನಲ್ಲಿ ಎರಡು ಸಲ ಭೀಮನ ವೇಷ ಕಟ್ಟಿದ್ದೇನೆ. ಇಬ್ಬರು ಅಡ್ಡ ತೆರೆ ಹಿಡಿಯುತ್ತಾರೆ. ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಕಾಲು, ಅಷ್ಟೇ ಕಾಣೋದು. ಹಲಗೆ ಅದುರುವ ಹಾಗೆ ಕುಣಿಯಬೇಕು. ಮುಂದೆ ಕೂತ ಮಕ್ಕಳು ಬಗ್ಗಿ ಬಗ್ಗಿ ತೆರೆ ಕೆಳಗೆ ನೋಡುತ್ತಿರುತ್ತವೆ. ತೆರೆ ಸರಿಯಿತು ಅಂದರೆ ಆಟ ನಡೆಸುವ ಸಾರಥಿ ಬಂದು ಕೇಳುತ್ತಾನೆ: ನೀವು ಯಾರು? ಯಾವ ಊರು? ಇಲ್ಲಿಗೆ ಬಂದ ಕಾರಣ ಏನು?

ಮೂರನೇ ಪ್ರಶ್ನೆ ಗಮನಿಸು. ಶಕ್ತಿ ಎಷ್ಟು ಅಂತ ತೋರಿಸಿದರೆ ಮೊದಲಿನ ಎರಡಕ್ಕೆ ಉತ್ತರ ಸಿಗುತ್ತದೆ. ಬಂದ ಕಾರಣ ಹೇಳಿದಾಗಲೇ ಪ್ರಸಂಗ ಮುಂದೆ ಹೋಗೋದು. ನಿನ್ನ ನಾಲ್ವರಿಗೂ ಬಂದ ಕಾರಣ ಒಂದೇ, ಗೇಟು. ಹಾಗಾದರೆ ಅದು 31ನೇ ಪುಟದಲ್ಲಿ ಯಾಕಿದೆ? ಮೊದಲನೇ ಪುಟದಲ್ಲೇ ಕಡಿಯಲಿ. ಆ ಸುದ್ದಿ ಒಬ್ಬೊಬ್ಬರಿಗೆ ಮುಟ್ಟುವಾಗಲೇ ಅವರ ಎಂಟ್ರಿ ಆಗಲಿ.

ಇನ್ನೊಂದು ಮಾತು. ಒಬ್ಬನೇ ಎಲ್ಲ ಮಾಡುವ ಹಾಗಿದ್ದರೆ ನಾಲ್ವರು ಯಾಕೆ ಬೇಕು? ಯಾರಿಗೆ ಏನು ಆಗೋದಿಲ್ಲ ಅನ್ನೋದನ್ನೂ ಎಂಟ್ರಿಯಲ್ಲೇ ತೋರಿಸು.

ಗಂಗಾವತಿ ಅಕ್ಕ

ಮೇಷ್ಟ್ರ ಮಾತು ಒಪ್ಪಿದೆ. ಆದರೆ ಶಿಳ್ಳೆ ಬೀಳುವ ಎಂಟ್ರಿ ಒಂದಾದರೂ ಇರಲಿ ಕಣಪ್ಪ, ಥಿಯೇಟರಿಗೆ ಬರೋದೇ ಅದಕ್ಕೆ. ಅದನ್ನು ಕಿನ್ನಾಳದ ಅಜ್ಜನಿಗೆ ಕೊಡು. ಎಲ್ಲರೂ ಸೋತು ಕೂತಾಗ ಕತ್ತಲಲ್ಲಿ ಬಣ್ಣದ ಗೊಂಬೆಗಳು ಸಾಲು ಸಾಲಾಗಿ ಡ್ಯಾಮ್ ಮೇಲೆ ನಡೆದು ಬರಲಿ. ಕೊನೆಗೆ ಬರುವವನು ತಡವಾಗಿ ಬಂದಷ್ಟೂ ಚೆಂದ.

ಕೌಲ್‌ಬಜಾರ್ ಹುಡುಗ

ಮೇಷ್ಟ್ರೇ, ಅಕ್ಕಾ, ಅಣ್ಣಾ, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಕೂತು 24 ನಿಮಿಷದ ಹೊಡೆದಾಟ ತೆಗೆದುಹಾಕಿದೆ. ಹೊಟ್ಟೆ ಉರಿಯಿತು, ಆದರೂ ತೆಗೆದೆ. ಶಕ್ತಿನಗರದ ಹುಡುಗ, ಹಟ್ಟಿಯವನು ಇನ್ನೂ ಬಾಕಿ. ವಾಷಿಂಗ್ ಅಕ್ಕನ ಸೀನ್ ಮಾತ್ರ ಆಗಿದೆ:

ರಾತ್ರಿ ಪಾಳಿ. ವಾಷಿಂಗ್ ಡ್ರಮ್ ಗಡಗಡ ತಿರುಗುತ್ತಿದೆ. ಅಕ್ಕನ ಕೈ ಮೊಣಕೈವರೆಗೂ ನೀಲಿ. ಫೋನ್ ಬರುತ್ತದೆ. ಹೊಳೆ ದಂಡೆಯಿಂದ ತಮ್ಮ: "ಅಕ್ಕಾ, ಗೇಟ್ ಹೋಯ್ತಂತೆ." ಅವಳು ಏನೂ ಹೇಳುವುದಿಲ್ಲ. ಅಂಗೈ ಡ್ರಮ್ಮಿನ ಮೇಲಿಡುತ್ತಾಳೆ. ಡ್ರಮ್ ತಿರುಗುತ್ತಲೇ ಇದೆ, ಒಳಗಿನ ನೀರು ಮಾತ್ರ ಗಾಜಿನ ಹಾಗೆ ನಿಂತಿದೆ. ಪಕ್ಕದ ಡ್ರಮ್ಮಿಗೆ ಇನ್ನೊಂದು ಕೈ ಚಾಚುತ್ತಾಳೆ. ಆ ನೀರು ನಿಲ್ಲುವುದಿಲ್ಲ. ಮತ್ತೆ ಪ್ರಯತ್ನಿಸುತ್ತಾಳೆ. ಕೈ ನಡುಗುತ್ತದೆ, ಮೊದಲನೆಯದೂ ತುಳುಕುತ್ತದೆ. ಅವಳಿಂದ ಆಗೋದು ಒಂದು ಡ್ರಮ್ ನೀರು.

ಹಿಂದಿನಿಂದ ಸೂಪರ್‌ವೈಸರ್ ಕೂಗುತ್ತಾನೆ: "ಪಾಳಿ ಮುಗಿದಿಲ್ಲ, ಎಲ್ಲಿಗೆ ಹೊರಟೆ?"

ಅಕ್ಕ ಗಮ್‌ಬೂಟ್ ಕಳಚುತ್ತಾ ಹೇಳುತ್ತಾಳೆ: "ಹೊಳೆಗೆ."